ಹೆಬ್ಬಾತಿನ ಕೊರಳಪಟ್ಟಿ ಓದೋಕೆ ಆಗ್ತಿಲ್ಲ: ಸ್ಪಾಟಿಂಗ್ ಸ್ಕೋಪಿಗೆ ಯಾವ ಟ್ರೈಪಾಡ್, ಯಾವ ಹೆಡ್?

ಬೆಳವಲ (ಗದಗ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

ನಾನು ಶಿರಹಟ್ಟಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಚಳಿಗಾಲದ ರವಿವಾರಗಳಲ್ಲಿ ಮಕ್ಕಳನ್ನು ಕರೆದುಕೊಂಡು ಮಾಗಡಿ ಕೆರೆಗೆ ಹೋಗುತ್ತೇನೆ. ಪಟ್ಟೆತಲೆ ಹೆಬ್ಬಾತುಗಳು ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬೆಳಿಗ್ಗೆ ಹಿಂಡು ಹಿಂಡಾಗಿ ಕೆರೆಗೆ ವಾಪಸ್ ಬರುತ್ತವೆ. ಆ ಹೊತ್ತಿಗೆ ಏರಿ ಮೇಲೆ ನಿಂತವರಿಗೇ ಗೊತ್ತು ಆ ಸದ್ದು. ಎರಡು ವರ್ಷ ದುಡ್ಡು ಕೂಡಿಟ್ಟು ಈ ದೀಪಾವಳಿಗೆ ಒಂದು ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ಒಂಟಿ ಕೊಳವೆಯ ದುರ್ಬೀನು) ತಗೊಂಡೆ. 80 ಮಿ.ಮೀ. ಗಾಜು, 20ರಿಂದ 60 ಪಟ್ಟು, ಐಪೀಸ್ (ಕಣ್ಣಿಡುವ ಭಾಗ) ಮೇಲಕ್ಕೆ ಬಾಗಿದ್ದು.

ಹೋದ ರವಿವಾರ ಒಂದು ಹೆಬ್ಬಾತಿನ ಕೊರಳಲ್ಲಿ ಹಸಿರು ಪಟ್ಟಿ ಕಂಡಿತು. ಮಂಗೋಲಿಯಾದಲ್ಲಿ ಸಂಶೋಧಕರು ಹಾಕಿ ಬಿಡುವ ಪಟ್ಟಿ ಅದು. ಮೇಲೆ ಬಿಳಿ ಬಣ್ಣದ ಅಕ್ಷರ, ಅಂಕಿ. ಅಕ್ಷರ ಸಿಕ್ಕಿತು, ಮೊದಲನೇ ಅಂಕಿಯೂ ಸಿಕ್ಕಿತು. ಕೊನೆಯದು 3 ಇರಬೇಕು, ಇಲ್ಲ 8. ಗಾಳಿ ಸ್ವಲ್ಪ ಬೀಸಿದರೂ ನಡುಗುತ್ತದೆ, ಫೋಕಸ್ ಮುಟ್ಟಿದರೂ ನಡುಗುತ್ತದೆ. ಮಕ್ಕಳಲ್ಲಿ ಒಬ್ಬಳು ‘ಸರ್, ಎಂಟು’ ಅಂದಳು. ಇನ್ನೊಬ್ಬ ‘ಮೂರು ಸರ್, ಖರೆ’ ಅಂದ. ಅಷ್ಟರಲ್ಲಿ ಹಕ್ಕಿ ಕೊರಳು ತಿರುಗಿಸಿ ಬೆನ್ನಿನ ಗರಿಯೊಳಗೆ ಕೊಕ್ಕು ಇಟ್ಟು ಮಲಗಿಬಿಟ್ಟಿತು. ಆ ಸಂಶೋಧಕರಿಗೆ ತಪ್ಪು ನಂಬರ್ ಕಳಿಸಿದರೆ ಅದು ಬೇರೆ ಯಾವುದೋ ಹಕ್ಕಿಯ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ ಕಳಿಸಲೇ ಇಲ್ಲ. ಅಷ್ಟು ದೂರದಿಂದ ಹಿಮಾಲಯ ದಾಟಿ ಬಂದ ಹಕ್ಕಿ, ನನ್ನ ಕಣ್ಣೆದುರಿಗೇ ಇತ್ತು, ಒಂದು ಅಂಕಿ ಓದಲಾಗಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ಟ್ರೈಪಾಡ್ ಮದುವೆ ಫೋಟೊ ತೆಗೆಯುವ ಸ್ನೇಹಿತ ಕೊಟ್ಟದ್ದು. ಅಲ್ಯೂಮಿನಿಯಂ, ಕಾಲಿಗೆ ನಾಲ್ಕು ಹಂತ, ಮೇಲೆ ಬಾಲ್ ಹೆಡ್ (ಸ್ಕೋಪ್ ಕೂರುವ, ಗುಂಡಿನ ಮೇಲೆ ಎಲ್ಲ ಕಡೆ ತಿರುಗುವ ಭಾಗ). 8 ಕೆಜಿ ಹೊರುತ್ತದೆ ಎಂದು ಡಬ್ಬಿ ಮೇಲೆ ಬರೆದಿದೆ. ಸ್ಕೋಪ್ ಇರುವುದೇ 2 ಕೆಜಿ. ಮತ್ತೆ ಯಾಕೆ ನಡುಗುತ್ತದೆ? ಹೊಸದು ತಗೋಬೇಕಾದರೆ 20 ಸಾವಿರದವರೆಗೆ ಹೊಂದಿಸಬಹುದು. ಜನವರಿಯ ನೀರುಹಕ್ಕಿ ಗಣತಿಗೆ ಮುಂಚೆ ಸರಿಮಾಡಿಕೊಳ್ಳಬೇಕು ಅಂತ ಆಸೆ.

ಹಳೇ ದುರ್ಬೀನು (ಮೈಸೂರು)

ಮೇಷ್ಟ್ರೇ, ನಂಬರ್ ಕಳಿಸದೆ ಇದ್ದದ್ದು ಒಳ್ಳೆಯದಾಯಿತು. ನಮ್ಮ ಹದಿನಾರು ಅನ್ನುವ ಊರಿನ ಕೆರೆಯಲ್ಲೂ ಇಂಥ ಪಟ್ಟಿ ಹಾಕಿದ ಹೆಬ್ಬಾತು ಕಂಡಿವೆ. ಓದಿದ್ದು ಗಟ್ಟಿಯಾಗದೆ ಕಳಿಸಬಾರದು.

ಖರೀದಿಗೆ ಮುಂಚೆ ಎರಡು ವಿಷಯ ಹೇಳಿ. ಹಕ್ಕಿ ಎಷ್ಟು ದೂರ ಇತ್ತು, ಹೊತ್ತು ಎಷ್ಟಾಗಿತ್ತು? ಯಾಕೆಂದರೆ ನಡುಕ ಎರಡು ಥರ. ಚಿತ್ರ ಪೂರ್ತಿ ಒಟ್ಟಿಗೆ ಆ ಕಡೆ ಈ ಕಡೆ ಅಲ್ಲಾಡಿದರೆ ಅದು ಟ್ರೈಪಾಡಿನ ತಪ್ಪು. ಹಕ್ಕಿಯ ಅಂಚು ಒಂದೊಂದು ಕಡೆ ಒಂದೊಂದು ಥರ ಕುದಿಯುವ ಹಾಗೆ ಕಂಡರೆ ಅದು ಬಿಸಿಲಿನ ಝಳ. ಝಳಕ್ಕೆ ಯಾವ ಟ್ರೈಪಾಡೂ ಮದ್ದಲ್ಲ. ನಿಮ್ಮ ಎರೆಹೊಲ ಬೇಗ ಕಾಯುತ್ತದೆ, ಅಲ್ವಾ?

ಬೆಳವಲ

ಸರ್, ಬೆಳಿಗ್ಗೆ ಏಳೂಮುಕ್ಕಾಲು. ಸುಮಾರು 300 ಮೀಟರ್. ಒಟ್ಟಿಗೆ ಅಲ್ಲಾಡುತ್ತಿತ್ತು, ಕುದಿಯುತ್ತಿರಲಿಲ್ಲ. ಒಂಬತ್ತೂವರೆ ದಾಟಿದ ಮೇಲೆ ಕುದಿಯೋದು ಶುರುವಾಗುತ್ತದೆ. ನೀವು ಹೇಳಿದ ಮೇಲೆ ಎರಡರ ಫರಕು ಅರ್ಥವಾಯಿತು.

ಒಂದು ಲೆಕ್ಕ ಮಾಡಿ ನೋಡಿದೆ. 300 ಮೀಟರನ್ನು 40 ಪಟ್ಟು ಹತ್ತಿರ ತಂದರೆ ಏಳೂವರೆ ಮೀಟರ್. ಅಂದರೆ ಕ್ಲಾಸಿನ ಹಿಂದಿನ ಬೆಂಚಿನಿಂದ ಬೋರ್ಡ್ ನೋಡಿದ ಹಾಗೆ. ಅಕ್ಷರ 2 ಸೆಂ.ಮೀ. ಎತ್ತರ ಅಂತ ಹಿಡಿದರೆ ಕಣ್ಣು ಸರಿ ಇರುವ ಯಾವ ಮಗುವೂ ಓದಬೇಕು. ಹಾಗಾದರೆ ಸ್ಕೋಪಿನ ಶಕ್ತಿ ಸಾಲದೆ ಆದದ್ದಲ್ಲ.

ಕಾಲುಗೂಡು (ಬೆಂಗಳೂರು)

ಲೆಕ್ಕ ಸರಿ ಇದೆ ಸರ್. ಆದರೆ 40 ಪಟ್ಟು ಹಕ್ಕಿಯನ್ನು ಹತ್ತಿರ ತಂದಾಗ ನಡುಕವನ್ನೂ 40 ಪಟ್ಟು ದೊಡ್ಡದು ಮಾಡುತ್ತದೆ. ನಾನು ಕ್ಯಾಮೆರಾ, ಟ್ರೈಪಾಡ್ ರಿಪೇರಿ ಮಾಡುವವನು. ಡಬ್ಬಿ ಮೇಲಿನ 8 ಕೆಜಿ ನೋಡಿ ಮೋಸ ಹೋದವರು ವಾರಕ್ಕೊಬ್ಬರು ಬರುತ್ತಾರೆ. ಆ 8 ಕೆಜಿ ಅಂದರೆ ಅಷ್ಟು ಭಾರ ಇಟ್ಟರೆ ಕುಸಿಯುವುದಿಲ್ಲ ಅಂತ ಮಾತ್ರ. ಅಲ್ಲಾಡುವುದಿಲ್ಲ ಅಂತ ಅಲ್ಲ. ಕಂಪನಿಯಿಂದ ಕಂಪನಿಗೆ ಅಳೆಯುವ ರೀತಿಯೂ ಬೇರೆ.

ನೀವು ನೋಡಬೇಕಾದದ್ದು ಕಾಲಿನ ಕೊಳವೆಯ ದಪ್ಪ. ಗೋಡೆ ಅಷ್ಟೇ ಇದ್ದು ಕೊಳವೆ ಎರಡರಷ್ಟು ದಪ್ಪವಾದರೆ ಬಾಗದೆ ನಿಲ್ಲುವ ಶಕ್ತಿ ಎಂಟು ಪಟ್ಟು ಆಗುತ್ತದೆ. ಪ್ರತಿ ಹಂತಕ್ಕೆ ಕೊಳವೆ 3-4 ಮಿ.ಮೀ. ತೆಳ್ಳಗಾಗುತ್ತಾ ಹೋಗುತ್ತದೆ. ನಾಲ್ಕು ಹಂತದ ಕಾಲಿನ ಕೊನೆಯ ತುಂಡು ಹೆಚ್ಚು ಕಡಿಮೆ ಪೆನ್ನಿನಷ್ಟು ಸಣ್ಣ ಇರುತ್ತದೆ, ಇಡೀ ಭಾರ ನಿಂತಿರುವುದು ಅದರ ಮೇಲೆ. 80 ಮಿ.ಮೀ. ಸ್ಕೋಪಿಗೆ ಮೇಲಿನ ಕೊಳವೆ 28 ಮಿ.ಮೀ. ಆದರೂ ಇರಲಿ. ಮೂರೇ ಹಂತ ಇರಲಿ. ಮಡಚಿದಾಗ ಉದ್ದ ಆಗುತ್ತದೆ, ಬಸ್ಸಿನಲ್ಲಿ ಹಿಡಿದುಕೊಂಡು ಹೋಗೋದು ಸ್ವಲ್ಪ ಕಷ್ಟ. ಆದರೂ ಮೂರೇ ಇರಲಿ.

ದುಡ್ಡು ಖರ್ಚು ಮಾಡುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಟೆರೇಸ್ ಮೇಲೆ ಟ್ರೈಪಾಡ್ ಇಡಿ. ದೂರದ ಕರೆಂಟ್ ಕಂಬದ ಒಂದು ಬೋಲ್ಟಿಗೆ 40 ಪಟ್ಟಿನಲ್ಲಿ ಫೋಕಸ್ ಮಾಡಿ. ಆಮೇಲೆ ಒಂದು ಕಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಬೋಲ್ಟ್ ಅಲ್ಲಾಡುವುದು ನಿಲ್ಲೋಕೆ ಎಷ್ಟು ಸೆಕೆಂಡ್ ಬೇಕು ಎಣಿಸಿ. ಆಮೇಲೆ ನಡುವಿನ ಕಂಬ ಪೂರ್ತಿ ಇಳಿಸಿ ಮತ್ತೆ ತಟ್ಟಿ. ಆಮೇಲೆ ಕೊನೆಯ ಹಂತ ಒಳಗೆ ತಳ್ಳಿ ತಟ್ಟಿ. ಎಲ್ಲಿ ಸೆಕೆಂಡ್ ಇದ್ದಕ್ಕಿದ್ದ ಹಾಗೆ ಕಡಿಮೆಯಾಗುತ್ತದೋ ಅಲ್ಲಿದೆ ನಿಮ್ಮ ರೋಗ.

ಬೆಳವಲ

ಮಾಡಿದೆ ರೀ. ನಾನು ಇಷ್ಟು ದಿನ ಇಡುತ್ತಿದ್ದ ಹಾಗೆ, ಕಂಬ ಎತ್ತಿ: 6 ಸೆಕೆಂಡ್. ಕಂಬ ಇಳಿಸಿದ ಮೇಲೆ: 4. ಕೊನೆಯ ಹಂತ ಒಳಗೆ ತಳ್ಳಿದ ಮೇಲೆ: ಎರಡೂವರೆ. ಆದರೆ ಅಷ್ಟು ಗಿಡ್ಡ ಮಾಡಿದರೆ ಮಂಡಿ ಊರಿ ಕೂರಬೇಕು.

ಇನ್ನೊಂದು ಕಂಡಿತು. ಕಾಲು ತಟ್ಟದೆ, ಬರೀ ಸ್ಕೋಪಿನ ಹಿಂಭಾಗವನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಅದು ತಿರುಗಿ, ಬಿಟ್ಟ ಮೇಲೆ ವಾಪಸ್ ಬರುತ್ತದೆ. ಹೆಡ್ ಬಿಗಿಯಾಗೇ ಇದೆ. ಸ್ಕೋಪನ್ನು ಹೆಡ್ಡಿಗೆ ಕೂರಿಸುವ ಪ್ಲೇಟ್ ಮೇಲಿನ ರಬ್ಬರ್ ಹಿಂಡಿದ ಹಾಗೆ ಕಾಣುತ್ತದೆ.

ಕಾಲುಗೂಡು

ಹೌದು, ರಬ್ಬರೇ. ಬಿಸಿಲಿಗೆ ಇನ್ನೂ ಮೆತ್ತಗಾಗುತ್ತದೆ. ನಿಮ್ಮ ಸ್ಕೋಪಿನ ಪಾದ ತಿರುಗಿಸಿ ನೋಡಿ. ಸ್ಕ್ರೂ ತೂತಿನ ಪಕ್ಕ ಇನ್ನೊಂದು ಸಣ್ಣ ತೂತು ಇದ್ದರೆ ಅದು ಪಿನ್ನಿಗೆ. ವಿಡಿಯೊ ಹೆಡ್ಡಿನ ಪ್ಲೇಟಿನಲ್ಲಿ ಸ್ಪ್ರಿಂಗಿನ ಮೇಲೆ ಒಂದು ಪುಟ್ಟ ಪಿನ್ ಇರುತ್ತದೆ, ಅದು ಈ ತೂತಿಗೆ ಕೂರುತ್ತದೆ. ಆಮೇಲೆ ಸ್ಕೋಪ್ ತಿರುಗುವ ಮಾತೇ ಇಲ್ಲ. ಕೆಲವು ಸ್ಕೋಪುಗಳ ಪಾದವೇ ಆರ್ಕಾ ಪ್ಲೇಟಿನ (ಬಹಳ ಹೆಡ್‌ಗಳಿಗೆ ಹೊಂದುವ ಒಂದು ಬಗೆಯ ಪ್ಲೇಟ್) ಆಕಾರದಲ್ಲಿ ಕೊರೆದಿರುತ್ತದೆ, ಅವಕ್ಕೆ ಪ್ಲೇಟೇ ಬೇಡ, ನೇರ ಹೆಡ್ಡಿಗೆ ಕೂರಿಸಬಹುದು. ನಡುವೆ ಜೋಡಣೆ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಕಾಲುಗಳು ಮೇಲೆ ಸೇರುವ ಕಡೆಯ ಬೋಲ್ಟುಗಳನ್ನೂ ಅಲನ್ ಕೀ ಹಾಕಿ ಬಿಗಿ ಮಾಡಿ. ಕಾಲು ಬಿಡಿಸಿ ಕೈಬಿಟ್ಟರೆ ತಾನಾಗಿ ಬೀಳಬಾರದು, ಅಷ್ಟು ಬಿಗಿ ಸಾಕು.

ಟೆಲಿಲೆನ್ಸ್ (ದಾಂಡೇಲಿ)

ಬಾಲ್ ಹೆಡ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನಾನು ಎಂಟು ವರ್ಷದಿಂದ ಬಾಲ್ ಹೆಡ್ ಮೇಲೇ ದೊಡ್ಡ ಲೆನ್ಸ್ ಇಟ್ಟು ಫೋಟೊ ತೆಗೆಯುತ್ತಿದ್ದೇನೆ. ಒಳ್ಳೆಯ ಬಾಲ್ ಹೆಡ್ ಇದ್ದರೆ ಸಾಕಲ್ವಾ? ಬೇಕಾದರೆ ಗಿಂಬಲ್ ಹೆಡ್ (ಲೆನ್ಸನ್ನು ತೊಟ್ಟಿಲ ಹಾಗೆ ತೂಗಿ ಹಿಡಿಯುವುದು) ಹಾಕಿಕೊಳ್ಳಲಿ.

ಹಳೇ ದುರ್ಬೀನು

ಫೋಟೊಗೆ ಸಾಕಾಗಬಹುದು ಸರ್. ಒಂದು ಕಡೆ ತಿರುಗಿಸಿ, ಬಿಗಿ ಮಾಡಿ, ಕ್ಲಿಕ್ ಮಾಡಿದರೆ ಆಯಿತು. ಸ್ಕೋಪಿನ ಕೆಲಸ ಬೇರೆ. ಹಿಂಡನ್ನು ಎಡದಿಂದ ಬಲಕ್ಕೆ ನಿಧಾನ ಸವರಿಕೊಂಡು ಹೋಗಬೇಕು. ನೀರಿನ ಅಂಚು ಅಡ್ಡ ಗೆರೆಯಾಗಿ ಹಾಗೇ ಉಳಿಯಬೇಕು. ಬಾಲ್ ಹೆಡ್ ಸಡಿಲ ಮಾಡಿದ ಕೂಡಲೇ ಮೂರೂ ದಿಕ್ಕಿಗೆ ಬಿಟ್ಟುಕೊಳ್ಳುತ್ತದೆ. ಕೆರೆ ಓರೆಯಾಗುತ್ತದೆ, ಎಣಿಸಿದ ಹಕ್ಕಿ ಯಾವುದು ಎಣಿಸದ್ದು ಯಾವುದು ಗೊತ್ತಾಗುವುದಿಲ್ಲ.

ಇದರಲ್ಲಿ ನನಗೆ ನಷ್ಟವೂ ಆಗಿದೆ. ಹತ್ತು ವರ್ಷದ ಹಿಂದೆ ಬಾಲ್ ಹೆಡ್ಡಿನ ತಿರುಪು ಸ್ವಲ್ಪ ಜಾಸ್ತಿ ಸಡಿಲಿಸಿದೆ. ಸ್ಕೋಪ್ ಮೂತಿ ಕೆಳಗಾಗಿ ದಬ್ಬನೆ ಬಿತ್ತು. ಆ ಹೊಡೆತಕ್ಕೆ ಟ್ರೈಪಾಡೇ ಮಗುಚಿತು. ಕೆರೆ ಸೋಪಾನದ ಕಲ್ಲಿಗೆ ಐಪೀಸ್ ತಗುಲಿ ಒಡೆಯಿತು. ಅದು ನನ್ನ ತಂದೆಯವರ ನಿವೃತ್ತಿ ಹಣದಲ್ಲಿ ತಗೊಂಡ ಸ್ಕೋಪ್. ಆವತ್ತಿನಿಂದ ಸ್ಕೋಪಿಗೆ ಬಾಲ್ ಹೆಡ್ ಹಾಕುತ್ತೇನೆ ಅನ್ನುವ ಯಾರನ್ನು ಕಂಡರೂ ಬೇಡ ಅಂತ ಕೈ ಹಿಡಿದು ಹೇಳುತ್ತೇನೆ.

ಗಿಂಬಲ್ ದೊಡ್ಡ ಲೆನ್ಸ್ ಹಿಡಿದು ಹಾರುವ ಹಕ್ಕಿ ಹಿಂದೆ ಹೋಗಲು ಚೆನ್ನ. ಸ್ಕೋಪಿಗೆ ಅದು ಸುಮ್ನೆ ಭಾರ.

ಮೇಷ್ಟ್ರಿಗೆ ಬೇಕಾದದ್ದು ಫ್ಲೂಯಿಡ್ ಹೆಡ್. ವಿಡಿಯೊದವರು ಬಳಸುವುದು. ಒಂದು ಹಿಡಿ, ಎರಡೇ ಚಲನೆ, ಒಳಗೆ ಗ್ರೀಸಿನ ಎಳೆತ. ಜೇನುತುಪ್ಪದಲ್ಲಿ ಚಮಚ ತಿರುಗಿಸಿದ ಹಾಗೆ ಹೋಗುತ್ತದೆ, ಕೈ ಬಿಟ್ಟಲ್ಲಿ ನಿಲ್ಲುತ್ತದೆ. ನಾನು ಮ್ಯಾನ್‌ಫ್ರೊಟ್ಟೊ 500 ಹೆಡ್ ಬಳಸುತ್ತೇನೆ. ಗೆಳೆಯರ ಹತ್ತಿರ ಬೆನ್ರೊ ಎಸ್4 ಇದೆ. ಅವರ ಎಸ್4 ಅಂದರೆ 4 ಕೆಜಿಗೆ, ಎಸ್6 ಅಂದರೆ 6 ಕೆಜಿಗೆ. 2 ಕೆಜಿ ಸ್ಕೋಪಿಗೆ ಎಸ್4 ಧಾರಾಳ ಸಾಕು.

ಅಂಗಡಿಯಲ್ಲಿ ನೋಡುವಾಗ ಇಷ್ಟು ಮಾಡಿ. ಹಿಡಿಯನ್ನು ಸ್ವಲ್ಪ ಸ್ವಲ್ಪ ಸರಿಸಿ, ಕೈ ಬಿಡಿ. ಬಿಟ್ಟ ಜಾಗದಿಂದ ಚಿತ್ರ ಹಿಂದಕ್ಕೆ ಹೋಗುತ್ತಿದ್ದರೆ ಆ ಹೆಡ್ ಬೇಡ. ಕಡಿಮೆ ಬೆಲೆಯ ಹೆಡ್‌ಗಳಲ್ಲಿ ಇದು ಜಾಸ್ತಿ. ‘ಫ್ಲೂಯಿಡ್’ ಅಂತ ಬರೆದಿರುತ್ತಾರೆ, ಒಳಗೆ ಬರೀ ಪ್ಲಾಸ್ಟಿಕ್ ಉಜ್ಜಾಟ.

ಅಘನಾಶಿನಿ ತೀರ (ಕುಮಟಾ)

ಮಾಗಡಿ ಕೆರೆಯವರಿಗೆ ನಮಸ್ಕಾರ. 2024ರಲ್ಲಿ ನಿಮ್ಮ ಕೆರೆ, ನಮ್ಮ ಅಘನಾಶಿನಿ, ಅಂಕಸಮುದ್ರ ಮೂರೂ ಒಟ್ಟಿಗೇ ರಾಮ್‌ಸಾರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದವು, ಹಾಗಾಗಿ ನಾವು ನೆಂಟರು.

ನಮ್ಮಲ್ಲಿ ಇಳಿತ ಬಂದಾಗ ಕೆಸರಿನ ಬಯಲ ಮೇಲೆ ಸಣ್ಣ ಸಣ್ಣ ಹಕ್ಕಿ, ಸ್ಯಾಂಡ್ ಪ್ಲೋವರ್‌ಗಳು. ದೊಡ್ಡ ಜಾತಿಯೋ ಸಣ್ಣ ಜಾತಿಯೋ ಹೇಳಲು ಕೊಕ್ಕಿನ ಉದ್ದ, ಕಾಲಿನ ಉದ್ದ ನೋಡಬೇಕು. ನಡುಗುವ ಚಿತ್ರದಲ್ಲಿ ಅದು ಸಾಧ್ಯವೇ ಇಲ್ಲ. ಕೆಸರಲ್ಲಿ ಟ್ರೈಪಾಡ್ ಇಡುವ ವಿಷಯ ಹೇಳುತ್ತೇನೆ, ಕೆರೆ ಅಂಚಿಗೂ ಬರುತ್ತದೆ.

ಕಾಲು ಬಿಡಿಸುವಾಗ ಎಲ್ಲರೂ ಮೇಲಿನ ದಪ್ಪ ಹಂತ ಮೊದಲು ಬಿಡಿಸಿ ಅಂತಾರೆ. ಒಣನೆಲದಲ್ಲಿ ಸರಿ. ಕೆಸರಲ್ಲಿ, ನೀರಲ್ಲಿ ಉಲ್ಟಾ ಮಾಡಿ. ಕೊನೆಯ ಹಂತ ಪೂರ್ತಿ ಎಳೆಯಿರಿ. ಆಗ ಅದರ ಲಾಕ್ ನೀರಿಗಿಂತ ಮೇಲಿರುತ್ತದೆ, ಮರಳು ಒಳಗೆ ಹೋಗುವುದಿಲ್ಲ. ತಿರುಗಿಸುವ ಲಾಕಿನೊಳಗೆ ಮರಳು ಹೋಯಿತೆಂದರೆ ಕರಕರ ಅಂತ ಸದ್ದು ಬರುತ್ತದೆ, ಆಮೇಲೆ ಹಿಡಿಯುವುದೇ ಇಲ್ಲ. ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು, ಬಿಚ್ಚಿ ಒಣಗಿಸಿ. ಎಣ್ಣೆ ಮಾತ್ರ ಹಾಕಬೇಡಿ, ಮರಳು ಅದಕ್ಕೇ ಅಂಟಿಕೊಳ್ಳುತ್ತದೆ.

ಕಾಲು ಕೆಸರಲ್ಲಿ ನಿಧಾನಕ್ಕೆ ಇಳಿಯುತ್ತಾ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಚಿತ್ರ ಮಾತ್ರ ಜಾರುತ್ತದೆ. ನಾನು ಮೂರು ತೆಂಗಿನ ಕರಟ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ಬೋರಲು ಹಾಕಿ ಒತ್ತಿ ಅದರ ಮೇಲೆ ಕಾಲು. ಇಳಿಯುವುದಿಲ್ಲ.

ಚೀಲವನ್ನು ನಡುವೆ ನೇತುಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಗಾಳಿಗೆ ಚೀಲ ತೂಗಾಡಿದರೆ ಸ್ಕೋಪೂ ತೂಗಾಡುತ್ತದೆ. ಚೀಲದ ಬುಡ ನೆಲಕ್ಕೆ ತಾಗುವ ಹಾಗೆ ಕಟ್ಟಿ.

ಡೆನ್ವರ್ ಕನ್ನಡಿಗ

ಮೂಲ ಹಾವೇರಿ, ಈಗ ಕೊಲರಾಡೊದಲ್ಲಿದ್ದೇನೆ. ನನ್ನ ನೆರೆಮನೆಯವರು ಬೇಟೆಗಾರರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈಗ ಬೇಟೆ ಇಲ್ಲ. ಇಲ್ಲಿ ಲೈಸೆನ್ಸ್ ಕೊಟ್ಟು, ಲೆಕ್ಕ ಇಟ್ಟು, ಋತು ನೋಡಿ ಬಿಡುತ್ತಾರೆ. ನಾನು ಬಂದೂಕು ಹಿಡಿದವನಲ್ಲ, ಆದರೆ ಎರಡು ಅಕ್ಟೋಬರ್ ಅವರ ಜೊತೆ ಬೆಟ್ಟ ಹತ್ತಿದ್ದೇನೆ. ಸ್ಕೋಪ್ ಮತ್ತು ಟ್ರೈಪಾಡ್ ವಿಷಯದಲ್ಲಿ ಅವರ ಹತ್ತಿರ ಕಲಿಯುವುದು ತುಂಬಾ ಇದೆ.

ಮೇಷ್ಟ್ರ 3 ಮತ್ತು 8ರ ಕಷ್ಟ ಅವರಿಗೂ ಇದೆ. ಇಲ್ಲಿ ಎಷ್ಟೋ ಕಡೆ ಗಂಡು ಎಲ್ಕ್ (ದೊಡ್ಡ ಜಿಂಕೆ) ಹೊಡೆಯಬೇಕಾದರೆ ಒಂದು ಕೊಂಬಿನಲ್ಲಿ ಕನಿಷ್ಠ 4 ಕವಲು ಇರಬೇಕು, ಇಲ್ಲ ಹಣೆ ಹತ್ತಿರದ ಕವಲು 5 ಇಂಚಾದರೂ ಉದ್ದ ಇರಬೇಕು. ಒಂದು ಕಿಲೋಮೀಟರ್ ಆಚೆ ಫರ್ ಮರಗಳ ನಡುವೆ ನಿಂತ ಪ್ರಾಣಿಯ ಕೊಂಬು ಎಣಿಸಬೇಕು. ಖಾತ್ರಿಯಾಗದೆ ಬಂದೂಕು ಎತ್ತುವ ಹಾಗಿಲ್ಲ. ನಮ್ಮ ನೆರೆಯವರು ಒಮ್ಮೆ ಎರಡು ತಾಸು ನೋಡಿ, ನಾಲ್ಕನೇ ಕವಲು ಕೊಂಬೋ ಹಿಂದಿನ ಕೊಂಬೆಯೋ ಗೊತ್ತಾಗದೆ ಸುಮ್ಮನೆ ಎದ್ದು ಬಂದರು.

ಅವರು ನಿಂತು ನೋಡುವುದೇ ಇಲ್ಲ. ಇಳಿಜಾರಿನಲ್ಲಿ ಕೂತು, ಟ್ರೈಪಾಡನ್ನು ಗಿಡ್ಡ ಮಾಡಿ, ಕಾಲು ಅಗಲಿಸಿ ಇಡುತ್ತಾರೆ. ಮೊದಲು ದುರ್ಬೀನನ್ನೇ ಟ್ರೈಪಾಡಿಗೆ ಕೂರಿಸಿ ಇಡೀ ಬೆಟ್ಟ ಸವರುತ್ತಾರೆ. ಏನಾದರೂ ಕಂಡರೆ ಅದನ್ನು ತೆಗೆದು ಅದೇ ಹೆಡ್ಡಿಗೆ ಸ್ಕೋಪ್. ಅದಕ್ಕೇ ಎರಡಕ್ಕೂ ಒಂದೇ ಥರದ ಆರ್ಕಾ ಪ್ಲೇಟ್. ನಡುವಿನ ಕಂಬ ಇಲ್ಲದ ಟ್ರೈಪಾಡನ್ನೇ ಹುಡುಕಿ ತರುತ್ತಾರೆ. ಹನ್ನೊಂದು ಸಾವಿರ ಅಡಿ ಎತ್ತರಕ್ಕೆ ಬೆನ್ನ ಮೇಲೆ ಹೊತ್ತು ಹತ್ತಬೇಕಲ್ಲ, ಹಾಗಾಗಿ ಕಾರ್ಬನ್ ಫೈಬರ್, ಸ್ಕೋಪ್ 65 ಮಿ.ಮೀ., ಹೆಡ್ ಅರ್ಧ ಕೆಜಿ ಆಸುಪಾಸಿನದು. ಮೇಷ್ಟ್ರು ಏರಿ ತನಕ ಗಾಡಿಯಲ್ಲಿ ಹೋಗುವುದಾದರೆ ಕಾರ್ಬನ್ನಿಗೆ ದುಡ್ಡು ಸುರಿಯಬೇಡಿ. ಕಾರ್ಬನ್‌ನಲ್ಲಿ ನಡುಕ ಬೇಗ ಅಡಗುತ್ತದೆ, ನಿಜ. ಆದರೆ ಅದೇ ದುಡ್ಡಿಗೆ ದಪ್ಪ ಕಾಲಿನ ಅಲ್ಯೂಮಿನಿಯಂ ಮತ್ತು ಒಳ್ಳೆಯ ಹೆಡ್ ಎರಡೂ ಬರುತ್ತವೆ. ಗಾಳಿಗೆ ಭಾರ ಇದ್ದಷ್ಟೂ ಒಳ್ಳೆಯದು.

ಹೊಸಗಣ್ಣು

ಟ್ರೈಪಾಡ್ ಎಷ್ಟು ಎತ್ತರ ಇರಬೇಕು? ನಾನು 5 ಅಡಿ 8 ಇಂಚು.

ಹಳೇ ದುರ್ಬೀನು

ಐಪೀಸ್ ಬಾಗಿದ್ದರೆ ಕಂಬ ಎತ್ತದೆ 135-140 ಸೆಂ.ಮೀ. ಇದ್ದರೆ ಸಾಕಮ್ಮ. ಮೇಲೆ ಹೆಡ್, ಅದರ ಮೇಲೆ ಸ್ಕೋಪ್ ಬರುತ್ತಲ್ಲ. ಐಪೀಸ್ ನೇರ ಇದ್ದರೆ ಕಣ್ಣಿನ ಮಟ್ಟಕ್ಕೇ ಬರಬೇಕು, ಟ್ರೈಪಾಡ್ ಇನ್ನೂ ಎತ್ತರ ಬೇಕು, ಎತ್ತರವಾದಷ್ಟೂ ನಡುಕ. ಮಕ್ಕಳ ಜೊತೆ ಹೋಗುವವರಿಗೆ ಬಾಗಿದ್ದೇ ಸರಿ. ಗಿಡ್ಡ ಮಕ್ಕಳಿಗೆ ಹೊಂದಿಸಿಟ್ಟರೆ ದೊಡ್ಡವರು ಬಗ್ಗಿ ನೋಡಬಹುದು.

ಬೆಳವಲ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಪರೀಕ್ಷೆ ಪೇಪರ್ ತಿದ್ದುವ ಕೆಲಸ ಇತ್ತು.

ಹುಬ್ಬಳ್ಳಿಯಲ್ಲಿ ಸ್ಟುಡಿಯೊ ಮುಚ್ಚುತ್ತಿದ್ದ ಒಬ್ಬರ ಹತ್ತಿರ ಮ್ಯಾನ್‌ಫ್ರೊಟ್ಟೊ 055 ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಅಲ್ಯೂಮಿನಿಯಂ, ಮೂರು ಹಂತ, 2.5 ಕೆಜಿ. ಕಂಬ ಎತ್ತದೆ 140 ಸೆಂ.ಮೀ. ಬರುತ್ತದೆ. ಹೆಡ್ ಮಾತ್ರ ಹೊಸದು ತಗೊಂಡೆ, ಬೆನ್ರೊ ಎಸ್4. ಎರಡೂ ಸೇರಿ ಬಜೆಟ್ ಒಳಗೇ ಆಯಿತು. ಅಂಗಡಿಯವರು ಹೆಡ್ಡನ್ನು ಡಬ್ಬಿಯಿಂದ ತೆಗೆದು ತೋರಿಸಲು ಒಪ್ಪಲಿಲ್ಲ, ಮೊದಲು ದುಡ್ಡು ಕೊಡಿ ಅಂದರು. ಬೇರೆ ಅಂಗಡಿಗೆ ಹೋದೆ. ಅಲ್ಲಿ ನನ್ನ ಸ್ಕೋಪನ್ನೇ ಕೂರಿಸಿ, ರಸ್ತೆ ಆಚೆಯ ಬ್ಯಾಂಕಿನ ಬೋರ್ಡ್ ನೋಡಲು ಬಿಟ್ಟರು. ಹಿಡಿ ಬಿಟ್ಟೆ, ಅಕ್ಷರ ಅಲ್ಲೇ ನಿಂತಿತು.

ಟೆರೇಸ್ ಪರೀಕ್ಷೆಯಲ್ಲಿ ಈಗ ಒಂದೂವರೆ ಸೆಕೆಂಡ್. ಪಿನ್ ತೂತು ಇತ್ತು, ಕೂರಿಸಿದೆ. ಪಕ್ಕಕ್ಕೆ ತಳ್ಳಿದರೆ ಈಗ ತಿರುಗುವುದಿಲ್ಲ.

ಒಂದು ತಪ್ಪು ಮೊದಲ ದಿನ ಮಾಡಿದೆ. ಸ್ಕೋಪನ್ನು ಪ್ಲೇಟಿನ ನಡುವೆ ಕೂರಿಸಿದ್ದೆ. ಹಿಡಿ ಸಡಿಲಿಸಿದರೆ ಮೂತಿ ಮುಂದಕ್ಕೆ ಬಾಗುತ್ತಿತ್ತು. ಪ್ಲೇಟನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದ ಮೇಲೆ ತಕ್ಕಡಿ ಹಾಗೆ ಸಮ ನಿಂತಿತು. ಮೊಬೈಲ್ ಹಾಕಿ ವಿಡಿಯೊ ತೆಗೆಯುವಾಗ ಹಿಂದೆ ಭಾರ ಜಾಸ್ತಿ, ಆಗ ಮತ್ತೆ ಸ್ವಲ್ಪ ಮುಂದಕ್ಕೆ. ಪ್ಲೇಟಿನ ಬದಿಗೆ ಪೇಂಟಿನಿಂದ ಎರಡು ಚುಕ್ಕೆ ಇಟ್ಟಿದ್ದೇನೆ.

ಅಘನಾಶಿನಿ ತೀರ

ಹಕ್ಕಿ ಸಿಕ್ಕಿತಾ ಸರ್? ಅದು ಹೇಳಿ ಮೊದಲು!

ಬೆಳವಲ

ಗಣತಿ ದಿನ ಸಿಕ್ಕಿತು ಅಕ್ಕಾ. ಏಳೂವರೆ ಇರಬೇಕು. ಏರಿಯ ಇಳಿಜಾರಿನಲ್ಲಿ ಒಂದು ಕಾಲು ಕೆರೆ ಕಡೆ ಮುಂದಕ್ಕೆ, ಎರಡು ಕಾಲು ಹಿಂದೆ, ಅವುಗಳ ನಡುವೆ ನಾನು. ಡೆನ್ವರ್‌ನವರು ಹೇಳಿದ ಹಾಗೆ ಕೂತೇ ನೋಡಿದೆ. ನೂರಾರು ಹೆಬ್ಬಾತು, ಎಡದಿಂದ ಸವರುತ್ತಾ ಬಂದೆ. ಅರ್ಧ ದಾರಿಯಲ್ಲಿ ಹಸಿರು ಕಂಡಿತು. 35 ಪಟ್ಟಿಗೆ ತಂದು, ಕೈ ತೆಗೆದು, ಉಸಿರು ಬಿಟ್ಟು ಕಾದೆ. ಹಕ್ಕಿ ಮೊದಲು ಪಕ್ಕಕ್ಕೆ ನಿಂತಿತ್ತು. ಆಮೇಲೆ ಕೊರಳು ಎತ್ತಿ ಸರಿಯಾಗಿ ನನ್ನ ಕಡೆ ತಿರುಗಿತು. 8ರ ಎರಡು ಸೊನ್ನೆಯೂ ಬೇರೆ ಬೇರೆ ಕಂಡವು, ಎಡಗಡೆ ಮುಚ್ಚಿತ್ತು. 3 ಅಲ್ಲ.

ಆದರೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡೆ. ಆಮೇಲೆ ಆ ಹುಡುಗಿಯನ್ನೂ ಆ ಹುಡುಗನನ್ನೂ ಒಬ್ಬೊಬ್ಬರನ್ನಾಗಿ ಕರೆದು, ಏನೂ ಹೇಳದೆ ನೋಡಿಸಿದೆ. ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ ಅಂದೆ. ಇಬ್ಬರೂ ಒಂದೇ ಬರೆದಿದ್ದರು. ಅವತ್ತೇ ಸಂಜೆ ವಿಡಿಯೊ ಸಮೇತ ಕಳಿಸಿದೆ. ಉತ್ತರಕ್ಕೆ ಕಾಯುತ್ತಿದ್ದೇವೆ, ಆ ಹುಡುಗಿ ದಿನಾ ಪ್ರಾರ್ಥನೆ ಮುಗಿದ ಕೂಡಲೇ ಬಂದು ಕೇಳುತ್ತಾಳೆ.

ಕಾಲುಗೂಡು

ತುಂಬಾ ಖುಷಿ ಆಯಿತು ಸರ್. 055 ಹಳೆಯದು ಅಂದಿರಿ, ಲಾಕುಗಳ ತಿರುಪು ವರ್ಷಕ್ಕೊಮ್ಮೆ ಬಿಗಿ ಮಾಡಿಕೊಳ್ಳಿ. ಕಾಲಿಗೆ ಕೈ ಭಾರ ಬಿಟ್ಟಾಗ ಜಾರಿದರೆ ಅದೇ ಗುರುತು.

ಹೊಸಗಣ್ಣು

ಬೆಳವಲ ಸರ್, ಮೊದಲಿನ ಟ್ರೈಪಾಡ್ ಏನು ಮಾಡಿದಿರಿ? ನನ್ನ ಹತ್ತಿರ 50 ಮಿ.ಮೀ.ನ ಸಣ್ಣ ಸ್ಕೋಪ್ ಇದೆ. ಕೊನೆಯ ಹಂತ ಬಿಡಿಸದೆ, ಕೂತು ನೋಡಿದರೆ ಸಾಕಾಗಬಹುದಾ?

ಬೆಳವಲ

ಸಾಕಾಗುತ್ತದಮ್ಮ. ಅದು ಸ್ನೇಹಿತನದು, ಕೇಳಿ ಹೇಳುತ್ತೇನೆ. ಬಾಲ್ ಹೆಡ್ ಮಾತ್ರ ಬಿಚ್ಚಿಟ್ಟು ಕೊಡುತ್ತೇನೆ.